ತಿಪ್ಪೆಬಾಗಿಲನ್ನು ಕಟ್ಟಿದವರು ಯಾರು?

ಓದಿಕೊಳ್ಳಬೇಕಾದ ಭಾಗ: ನೆಹೆಮೀಯನ ಗ್ರಂಥ, 1ರಿಂದ 6ನೇ ಅಧ್ಯಾಯದವರೆಗೆ



ಈ ವಾರದ ಪಾಠವನ್ನು ನನ್ನದೇ ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ.

ನಮ್ಮ ದೇವಾಲಯದ ಹಿಂದೆ ಒಂದು ಓಣಿ ಇದೆ. ಅಗರಬತ್ತಿ ಹೊಸೆದು ನಾಲ್ಕು ಮಕ್ಕಳನ್ನು ಸಾಕಿದ ವೃದ್ಧ ತಾಯಿಯೊಬ್ಬರು ಆ ಓಣಿಯಲ್ಲೇ ಬಲಿಪೂಜೆಗೆ ಬಂದು ಹೋಗುತ್ತಿದ್ದರು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ನನ್ನ ಬಳಿ ಬಂದು, "ಸ್ವಾಮಿ, ಹಿಂದಿನ ಬೀದಿ ದೀಪ ಹೋಗಿದೆ. ಮೋರಿ ಮೇಲಿನ ಚಪ್ಪಡೀನೂ ಇಲ್ಲ. ಯಾರಿಗಾದ್ರೂ ಹೇಳಿ" ಎಂದರು. "ಆಗಲಿ ಅಮ್ಮ, ಹೇಳ್ತೀನಿ" ಎಂದೆ. ಹೇಳಲಿಲ್ಲ. ಅವರು ಮತ್ತೆರಡು ಸಲ ನೆನಪಿಸಿದರು. ನಾನು ಮತ್ತೆರಡು ಸಲ "ಆಗಲಿ" ಎಂದೆ. ಈ ನಡುವೆ ಒಂದು ಭಾನುವಾರ ದಯಾಳು ಸಮಾರಿಯದವನ ಬಗ್ಗೆ ಇಪ್ಪತ್ತು ನಿಮಿಷ ಪ್ರಬೋಧನೆ ಮಾಡಿದೆ.

ಮೂರು ತಿಂಗಳಾದ ಮೇಲೆ, ಮಳೆ ಸುರಿಯುತ್ತಿದ್ದ ಒಂದು ಬುಧವಾರ ಸಂಜೆ ನೊವೇನಾ ಮುಗಿಸಿ ಹೋಗುವಾಗ ಆ ತಾಯಿ ಅದೇ ಮೋರಿಗೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಅವರು ದೇವಾಲಯಕ್ಕೆ ಬಂದಿಲ್ಲ. ಪ್ರತಿ ತಿಂಗಳ ಮೊದಲ ಶುಕ್ರವಾರ ನಾನೇ ಪರಮಪ್ರಸಾದವನ್ನು ಅವರ ಮನೆಗೆ ಒಯ್ಯುತ್ತೇನೆ. ಪ್ರಾರ್ಥನೆ ಮುಗಿದ ಕೂಡಲೇ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಸ್ವಾಮಿ, ಚಪ್ಪಡಿ ಹಾಕಿಸಿದ್ರಾ?"

ಮೊದಲ ಸಲ ಆ ಪ್ರಶ್ನೆ ಕೇಳಿದಾಗ ನನಗೆ ಸಿಟ್ಟು ಬಂದದ್ದು ಅಧಿಕಾರಿಗಳ ಮೇಲೆ. ಮಾರನೆಯ ದಿನವೇ ಕಚೇರಿಗೆ ಹೋಗಿ ಎಂಜಿನಿಯರ್ ಮುಂದೆ ಕೂತು ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಫಾದರ್, ಇದಕ್ಕೆ ಮೊದಲು ನಿಮ್ಮ ಬೀದಿಯಿಂದ ಯಾರಾದ್ರೂ ಬರೆದುಕೊಟ್ಟಿದ್ರಾ?" ಎಂದು ಕೇಳಿದರು. ದಫ್ತರು ತೆಗೆಸಿ ನೋಡಿದರು. ಒಂದೇ ಒಂದು ಅರ್ಜಿ ಇರಲಿಲ್ಲ. ನಲವತ್ತು ಮನೆಗಳ ಬೀದಿ. ದಿನವೂ ಆ ಗುಂಡಿಯನ್ನು ದಾಟುವ ಇನ್ನೂರು ಜನ. ಅವರಲ್ಲಿ ನಾನೂ ಒಬ್ಬ. ತಲೆ ತಗ್ಗಿಸಿ ಹಿಂದಿರುಗಿದೆ. ಆ ರಾತ್ರಿ ನೆಹೆಮೀಯನ ಗ್ರಂಥವನ್ನು ತೆರೆದೆ.

ರಾತ್ರಿಯಲ್ಲಿ ಊರು ಸುತ್ತಿದವನು

ನೆಹೆಮೀಯನು ಯಾಜಕನೂ ಅಲ್ಲ, ಪ್ರವಾದಿಯೂ ಅಲ್ಲ. ಪರ್ಷಿಯದ ಅರಸ ಅರ್ತಷಸ್ತನಿಗೆ ಶೂಷನ್ ನಗರದಲ್ಲಿ ಪಾನದ ಬಟ್ಟಲು ಕೊಡುವ ಸರ್ಕಾರಿ ನೌಕರ. ಕ್ರಿಸ್ತಪೂರ್ವ 445ರ ಸುಮಾರಿಗೆ, ಜೆರುಸಲೇಮಿನ ಗೋಡೆ ಕೆಡವಲ್ಪಟ್ಟಿದೆ, ಬಾಗಿಲುಗಳು ಸುಟ್ಟುಹೋಗಿವೆ ಎಂಬ ಸುದ್ದಿ ಅವನಿಗೆ ಮುಟ್ಟಿತು. ಗೋಡೆಯಿಲ್ಲದ ಊರೆಂದರೆ ಅಂದಿನ ಕಾಲಕ್ಕೆ ಕಳ್ಳರಿಗೆ ತೆರೆದ ಊರು, ನೆರೆಯವರ ಹಾಸ್ಯಕ್ಕೆ ಗುರಿಯಾದ ಊರು. ಅವನು ಕುಳಿತು ಅತ್ತನು, ಉಪವಾಸವಿದ್ದನು, ಪ್ರಾರ್ಥಿಸಿದನು.

ನಮ್ಮಲ್ಲಿ ಅನೇಕರು ಇಲ್ಲಿಯವರೆಗೆ ಬರುತ್ತೇವೆ, ಇಲ್ಲಿಗೇ ನಿಲ್ಲುತ್ತೇವೆ. ನೆಹೆಮೀಯನು ನಿಲ್ಲಲಿಲ್ಲ. ಸುಮಾರು ನಾಲ್ಕು ತಿಂಗಳು ಪ್ರಾರ್ಥಿಸಿ, ಸಮಯ ನೋಡಿ ಅರಸನ ಮುಂದೆ ಬಾಯಿಬಿಟ್ಟನು. ಕೇಳಿದ್ದು ಏನು? ರಜೆ, ದಾರಿಯ ಅಧಿಪತಿಗಳಿಗೆ ಪತ್ರ, ಬಾಗಿಲುಗಳಿಗೆ ಮರ ಕೊಡುವಂತೆ ಅರಸನ ವನಪಾಲಕನಿಗೆ ಪತ್ರ. ಯಾರಿಂದ ಏನು ಬೇಕು ಎಂಬುದನ್ನು ಆತ ಮೊದಲೇ ಲೆಕ್ಕಹಾಕಿದ್ದ. ದೇವರಲ್ಲಿ ಭರವಸೆ ಇಟ್ಟವನು ಸರ್ಕಾರಕ್ಕೆ ಅರ್ಜಿ ಹಾಕುವುದು ಅವಿಶ್ವಾಸವಲ್ಲ ಎಂಬುದು ಈ ಗ್ರಂಥದ ಮೊದಲ ಪಾಠ.

ಜೆರುಸಲೇಮಿಗೆ ಬಂದ ಮೇಲೆ ಅವನು ಕೂಡಲೇ ಸಭೆ ಕರೆಯಲಿಲ್ಲ. ಮೂರು ದಿನ ಸುಮ್ಮನಿದ್ದು, ರಾತ್ರಿಯ ಹೊತ್ತು ಕೆಲವೇ ಜನರೊಂದಿಗೆ ಹೊರಟು ಗೋಡೆಯ ಸ್ಥಿತಿಯನ್ನು ಕಣ್ಣಾರೆ ನೋಡಿದನು. ತಿಪ್ಪೆಬಾಗಿಲಿನ ಕಡೆ ಹೋದನು, ಬುಗ್ಗೆಯ ಬಾಗಿಲಿಗೆ ಹೋದನು. ಒಂದೆಡೆ ಅವನು ಏರಿದ್ದ ಪಶುವಿಗೆ ಮುಂದೆ ಸಾಗಲು ದಾರಿಯೇ ಇರಲಿಲ್ಲ. ಬೀದಿಯ ಕಷ್ಟ ಏನೆಂದು ಗೊತ್ತಾಗುವುದು ರಾತ್ರಿ ನಡೆದಾಗಲೇ. ಹಗಲು ಕಾರಿನಲ್ಲಿ ಹೋಗುವವನಿಗೆ ಕಾಣದ ಗುಂಡಿ, ರಾತ್ರಿ ಕೆಲಸದಿಂದ ನಡೆದು ಬರುವ ಹೆಣ್ಣುಮಗಳಿಗೆ ಕಾಣುತ್ತದೆ.

ಅವರವರ ಮನೆಯ ಮುಂದೆ

ಮೂರನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಓದದೆ ಬಿಡುತ್ತೇವೆ. ಬರೀ ಹೆಸರುಗಳ ಪಟ್ಟಿ ಎಂಬ ಬೇಸರ. ಆದರೆ ನಿಧಾನವಾಗಿ ಓದಿ ನೋಡಿ.

ಪಟ್ಟಿಯಲ್ಲಿ ಮೊದಲು ಬರುವವರು ಮಹಾಯಾಜಕ ಎಲ್ಯಾಷೀಬ ಮತ್ತು ಅವನ ಸಹೋದರ ಯಾಜಕರು. ಅವರು ಕುರಿಬಾಗಿಲನ್ನು ಕಟ್ಟಿದರು. ಧರ್ಮಗುರುಗಳಾದ ನಮಗೆ ಇದೊಂದು ಸಾಲು ಸಾಕು. ಬಳಿಕ ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ವ್ಯಾಪಾರಿಗಳು ಬರುತ್ತಾರೆ. ಗಾರೆ ಕೆಲಸ ಇವರಲ್ಲಿ ಯಾರ ಕಸುಬೂ ಅಲ್ಲ. ಜೆರುಸಲೇಮಿನ ಅರ್ಧಭಾಗದ ಅಧಿಪತಿ ಶಲ್ಲೂಮನು ತನ್ನ ಹೆಣ್ಣುಮಕ್ಕಳೊಂದಿಗೆ ಬಂದು ದುಡಿದನು. ಅನೇಕರ ವಿಷಯದಲ್ಲಿ ಗ್ರಂಥಕರ್ತನು, ಅವರು ತಮ್ಮ ಮನೆಯ ಎದುರಿಗಿದ್ದ ಗೋಡೆಯನ್ನು ಕಟ್ಟಿದರು ಎಂದು ಬರೆಯುತ್ತಾನೆ. ಎಷ್ಟು ಸರಳವಾದ ವ್ಯವಸ್ಥೆ! ಮನೆಯ ಮುಂದಿನ ಗೋಡೆಯನ್ನು ಯಾರೂ ಕಾಟಾಚಾರಕ್ಕೆ ಕಟ್ಟುವುದಿಲ್ಲ.

ಕೆಲಸ ಮಾಡದವರ ಹೆಸರೂ ಇದೆ. ತೆಕೋವದ ಶ್ರೀಮಂತರು ಹೆಗಲು ಕೊಡಲಿಲ್ಲ. ಆದರೆ ಅದೇ ಊರಿನ ಸಾಮಾನ್ಯ ಜನರು ತಮ್ಮ ಪಾಲು ಮುಗಿಸಿ ಇನ್ನೊಂದು ಪಾಲನ್ನೂ ಕಟ್ಟಿದರು.

ಈಗ ತಲೆಬರಹದ ಪ್ರಶ್ನೆಗೆ ಬರೋಣ. ಊರಿನ ಕಸವೆಲ್ಲ ಹೊರಹೋಗುತ್ತಿದ್ದ ತಿಪ್ಪೆಬಾಗಿಲನ್ನು ಕಟ್ಟಿದವನು ಯಾರು? ಗುಲಾಮನಲ್ಲ, ಕೂಲಿಯವನಲ್ಲ. ಬೇತ್‌ಹಕ್ಕೆರೆಮ್ ಪ್ರಾಂತ್ಯದ ಅಧಿಪತಿ ಮಲ್ಕೀಯ. ಎಂದರೆ ಒಬ್ಬ ಅಧಿಕಾರಿ. ಯಾರಿಗೂ ಬೇಡವಾದ ಬಾಗಿಲನ್ನು ಅವನು ವಹಿಸಿಕೊಂಡನು. ಅಧಿಕಾರಿಗಳು ಒಂದು ಕಡೆ, ಜನ ಇನ್ನೊಂದು ಕಡೆ ಎಂಬ ಭೇದ ಈ ಪಟ್ಟಿಯಲ್ಲಿಲ್ಲ. ಒಬ್ಬರ ಪಕ್ಕದಲ್ಲಿ ಒಬ್ಬರು ನಿಂತು ಕಟ್ಟಿದರು. ವಿರೋಧಿಗಳು, ನರಿ ಹತ್ತಿದರೂ ಆ ಗೋಡೆ ಬೀಳುತ್ತದೆಂದು ಹಾಸ್ಯ ಮಾಡಿದರು. ನಡುವೆ ಮಣ್ಣಿನ ರಾಶಿ ನೋಡಿ ಕೆಲಸದವರ ಕೈ ಸೋತಿತು. ಆದರೂ ಗೋಡೆ 52 ದಿನಗಳಲ್ಲಿ ಮುಗಿಯಿತು.

ಬಾಸ್ಟನ್ ನಗರದ ಒಂದು ಬೀದಿ

ಇದು ಬೈಬಲ್ ಕಾಲದ ಕಥೆ, ಈಗ ಎಲ್ಲಿ ನಡೆಯುತ್ತದೆ ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಬಾಸ್ಟನ್ ನಗರದ ರಾಕ್ಸ್‌ಬರಿ ಭಾಗದಲ್ಲಿ ಡಡ್ಲಿ ಎಂಬ ಬೀದಿ ಇದೆ. ಅದರ ಸುತ್ತ ಕಪ್ಪು ಜನರು, ಕೇಪ್ ವರ್ಡ್ ದ್ವೀಪಗಳಿಂದ ಮತ್ತು ಲ್ಯಾಟಿನ್ ಅಮೆರಿಕದಿಂದ ಬಂದವರು, ಬಡ ಬಿಳಿಯರು ಕೂಡಿ ಬಾಳುತ್ತಿದ್ದರು. ಬ್ಯಾಂಕುಗಳು ಆ ಭಾಗಕ್ಕೆ ಸಾಲ ಕೊಡಲು ಹಿಂಜರಿದವು. ಬೇರೆಡೆ ವಾಸವಾಗಿದ್ದ ಮಾಲೀಕರು ಮನೆಗಳನ್ನು ಪಾಳು ಬಿಟ್ಟರು. 1970ರ ದಶಕದಲ್ಲಿ ಮನೆಗಳು ಒಂದೊಂದಾಗಿ ಸುಟ್ಟುಹೋದವು. ಎಷ್ಟೋ ಸಲ ವಿಮೆಯ ಹಣಕ್ಕಾಗಿ ಬೆಂಕಿ ಇಡಲಾಗುತ್ತಿತ್ತು. 1980ರ ದಶಕದ ಹೊತ್ತಿಗೆ ಅಲ್ಲಿ ಸುಮಾರು 1,300 ನಿವೇಶನಗಳು ಖಾಲಿ ಬಿದ್ದಿದ್ದವು. ಹೊರಗಿನವರು ಲಾರಿಗಳಲ್ಲಿ ಕಸ, ಕೆಡವಿದ ಕಟ್ಟಡದ ಅವಶೇಷ, ಕೊಳೆತ ಮಾಂಸ ತಂದು ಅಲ್ಲಿ ಸುರಿಯುತ್ತಿದ್ದರು. ಒಂದು ಪಾಳು ಸೈಟು ಮತ್ತೊಂದನ್ನು ಹುಟ್ಟಿಸುತ್ತದೆ. ಕಸವಿದ್ದಲ್ಲಿ ಕತ್ತಲೆ, ಕತ್ತಲೆಯಿದ್ದಲ್ಲಿ ಭಯ. ಭಯವಿದ್ದಲ್ಲಿಂದ ಅನುಕೂಲವಿದ್ದವರು ಹೊರಟುಹೋಗುತ್ತಾರೆ.

1985ರಲ್ಲಿ ಅಲ್ಲಿನ ಸಂತ ಪ್ಯಾಟ್ರಿಕ್ ದೇವಾಲಯದಲ್ಲಿ ಒಂದು ದೊಡ್ಡ ಸಭೆ ಸೇರಿತು. ದಾನ ಕೊಡುವ ಸಂಸ್ಥೆಯೊಂದು ಹಾಗೂ ಸೇವಾಸಂಸ್ಥೆಗಳು ಸೇರಿ ಬಡಾವಣೆಯ ಉದ್ಧಾರಕ್ಕೆ ಒಳ್ಳೆಯ ಯೋಜನೆಯನ್ನೇ ತಂದಿದ್ದವು. ಆದರೆ ಅವರು ರಚಿಸಿದ ಮಂಡಳಿಯಲ್ಲಿ ಬೀದಿಯ ನಿವಾಸಿಗಳಿಗೆ ಸಿಕ್ಕಿದ್ದು ಕೆಲವೇ ಸ್ಥಾನ. ಜನ ಎದ್ದು ನಿಂತು, ವೇದಿಕೆಯ ಮೇಲಿರುವವರಲ್ಲಿ ಈ ಬೀದಿಯಲ್ಲಿ ವಾಸಿಸುವವರು ಎಷ್ಟು ಮಂದಿ ಎಂದು ಕೇಳಿದರು. ಯೋಜನೆ ತಂದವರು ಕೋಪಗೊಳ್ಳಲಿಲ್ಲ, ಎದ್ದು ಹೋಗಲಿಲ್ಲ. ಮಂಡಳಿಯನ್ನು ಬದಲಿಸಿ ನಿವಾಸಿಗಳಿಗೇ ಬಹುಮತ ಕೊಟ್ಟರು. ನಾಲ್ಕೂ ಜನಾಂಗದವರಿಗೆ ಸಮಾನ ಸ್ಥಾನ ದೊರೆಯಿತು.

ಅವರ ಮೊದಲ ಕೆಲಸ ಕಸದ್ದು. 1986ರಲ್ಲಿ, ನಮ್ಮ ಮೇಲೆ ಕಸ ಸುರಿಯಬೇಡಿ ಎಂಬ ಚಳವಳಿ ಆರಂಭಿಸಿದರು. ಖಾಲಿ ಸೈಟುಗಳನ್ನು ತಾವೇ ಇಳಿದು ಗುಡಿಸಿದರು. ಮೇಯರ್ ರೇಮಂಡ್ ಫ್ಲಿನ್ ಅವರನ್ನು ಕರೆತಂದು ತೋರಿಸಿದರು. ನಗರಾಡಳಿತ ಅಕ್ರಮ ಕಸದ ಕೇಂದ್ರಗಳನ್ನು ಮುಚ್ಚಿಸಿತು. ಮುಂದಿನ ವರ್ಷ ಬಡಾವಣೆಗೆ ತಾವೇ ಒಂದು ನಕ್ಷೆ ಸಿದ್ಧಪಡಿಸಿದರು. 1988ರಲ್ಲಿ ನಗರದ ಅಭಿವೃದ್ಧಿ ಪ್ರಾಧಿಕಾರವು ಅಮೆರಿಕದಲ್ಲಿ ಹಿಂದೆಂದೂ ಆಗದ ಒಂದು ನಿರ್ಧಾರ ಮಾಡಿತು: ಗೊತ್ತುಮಾಡಿದ ಪ್ರದೇಶದಲ್ಲಿ ಪಾಳುಬಿದ್ದ ಖಾಸಗಿ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನು ಒಂದು ನಿವಾಸಿಗಳ ಸಂಸ್ಥೆಗೇ ಕೊಟ್ಟಿತು. ಅಲ್ಲಿ ಭೂಮಿ ಇಂದಿಗೂ ಸಮುದಾಯದ ಟ್ರಸ್ಟಿನದು. ಅದರ ಮೇಲೆ ಬಡವರಿಗೆ ಎಟಕುವ 200ಕ್ಕೂ ಹೆಚ್ಚು ಮನೆಗಳು ಎದ್ದಿವೆ. ಉದ್ಯಾನಗಳಿವೆ. ಮೇಯರ್ ಫ್ಲಿನ್ ಮುಂದೆ 1993ರಿಂದ 1997ರವರೆಗೆ ವ್ಯಾಟಿಕನ್ನಿಗೆ ಅಮೆರಿಕದ ರಾಯಭಾರಿಯಾಗಿದ್ದರು.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಡಡ್ಲಿ ಬೀದಿಯವರಿಗೆ ಕಸದಷ್ಟೇ ಭಯ ಶುದ್ಧೀಕರಣದ ಬಗ್ಗೆಯೂ ಇತ್ತು. ಅದೇ ನಗರದ ವೆಸ್ಟ್ ಎಂಡ್ ಬಡಾವಣೆಯನ್ನು 1950ರ ದಶಕದ ಕೊನೆಯಲ್ಲಿ ಕೊಳೆಗೇರಿ ಎಂದು ಹೇಳಿ ನೆಲಸಮ ಮಾಡಿ, ಸಾವಿರಾರು ಬಡ ಕುಟುಂಬಗಳನ್ನು ಚದುರಿಸಲಾಗಿತ್ತು. ಆದ್ದರಿಂದಲೇ ಅವರು, ಬೀದಿ ಉದ್ಧಾರವಾಗಬೇಕು, ಆದರೆ ಈಗ ಇರುವವರೇ ಅದರಲ್ಲಿ ಬಾಳಬೇಕು ಎಂದು ಹಟ ಹಿಡಿದರು. ನೆಹೆಮೀಯನೂ ಗೋಡೆ ಕಟ್ಟುವ ನಡುವೆಯೇ ಬಡವರ ಸಾಲ ಮತ್ತು ಅಡವಿಟ್ಟ ಹೊಲಗಳ ಪ್ರಶ್ನೆಯನ್ನು ಕೈಗೆತ್ತಿಕೊಂಡನು. ಐದನೆಯ ಅಧ್ಯಾಯ ಓದಿ.

ಧರ್ಮಸಭೆಯ ಬೋಧನೆ

ಇದೆಲ್ಲ ರಾಜಕೀಯ, ದೇವಾಲಯಕ್ಕೆ ಏಕೆ ಎಂದು ಕೆಲವರು ಕೇಳಬಹುದು. ಧರ್ಮಸಭೆ ಹಾಗೆ ಹೇಳುವುದಿಲ್ಲ. 1931ರಲ್ಲಿ ಪೋಪ್ 11ನೇ ಪಯಸ್ ಅವರು ತಮ್ಮ ವಿಶ್ವಪತ್ರದಲ್ಲಿ ಒಂದು ತತ್ವವನ್ನು ಮುಂದಿಟ್ಟರು. ಚಿಕ್ಕ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಿತ್ತುಕೊಳ್ಳಬಾರದು, ಅದಕ್ಕೆ ನೆರವಾಗಬೇಕು. ಇದಕ್ಕೆ ಎರಡು ಮುಖಗಳಿವೆ. ಬೀದಿ ಗುಡಿಸಲು, ಕಸ ಬೇರ್ಪಡಿಸಲು, ನೆರೆಯವರನ್ನು ಎಚ್ಚರಿಸಲು ನಾವು ಸರ್ಕಾರವನ್ನು ಕಾಯಬಾರದು. ಆದರೆ ಮೋರಿ ಕಟ್ಟುವುದು, ದೀಪ ಹಾಕುವುದು, ಗಸ್ತು ತಿರುಗುವುದು ನಮ್ಮಿಂದಾಗದು. ಅದನ್ನು ಸರ್ಕಾರ ಮಾಡಲೇಬೇಕು, ನಾವು ಕೇಳಲೇಬೇಕು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ಸಾರ್ವಜನಿಕ ಹಿತಕ್ಕಾಗಿ ದುಡಿಯುವುದು ಕ್ರೈಸ್ತರ ಕರ್ತವ್ಯವೆಂದು ಸ್ಪಷ್ಟಪಡಿಸಿತು. 2015ರ ತಮ್ಮ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಅವರು, ಒಂದು ಚೌಕವನ್ನೋ ಕಾರಂಜಿಯನ್ನೋ ಪಾಳುಬಿದ್ದ ಸ್ಮಾರಕವನ್ನೋ ಉಳಿಸಲು ಜನ ಒಂದಾದಾಗ ಅವರ ನಡುವೆಯೇ ಹೊಸ ಬಾಂಧವ್ಯ ಹುಟ್ಟುತ್ತದೆ ಎಂಬುದನ್ನು ತೋರಿಸಿಕೊಟ್ಟರು.

ನಾವು ಮಾಡಿದ್ದು

ನಮ್ಮ ಪಾಲನಾ ಸಮಿತಿಯವರು, ವಿನ್ಸೆಂಟ್ ದೆ ಪೌಲ್ ಸಭೆಯವರು, ಬೀದಿಯ ಹಿಂದೂ ಹಾಗೂ ಮುಸಲ್ಮಾನ ಮನೆಗಳವರು ಸೇರಿ ಒಂದು ರಾತ್ರಿ ಎಂಟು ಗಂಟೆಗೆ ಟಾರ್ಚು ಹಿಡಿದು ನಡೆದೆವು. ಆರಿದ ದೀಪಗಳು ಐದು, ಇಲ್ಲದ ಚಪ್ಪಡಿಗಳು ಏಳು, ಕಸ ತುಂಬಿದ ಖಾಲಿ ಸೈಟು ಒಂದು, ಜೋತುಬಿದ್ದ ತಂತಿ ಒಂದು. ಬರೆದುಕೊಂಡೆವು. ಆ ಸೈಟಿಗೆ ಕಸ ಹಾಕುತ್ತಿದ್ದವರು ಯಾರು? ನಾವೇ. ನಮ್ಮ ದೇವಾಲಯದ ಹಬ್ಬದ ಊಟದ ಎಲೆಗಳೂ ಅಲ್ಲೇ ಬಿದ್ದಿದ್ದವು.

ಸಭೆಯಲ್ಲಿ ಒಬ್ಬರು, ಮೂಲೆಯ ತಳ್ಳುಗಾಡಿಯನ್ನು ಮೊದಲು ಎತ್ತಿಸಬೇಕು, ಅದರಿಂದಲೇ ಗಲೀಜು ಎಂದರು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹುಡುಗಿಯೊಬ್ಬಳು ಎದ್ದು, "ಅಂಕಲ್, ರಾತ್ರಿ ನಾನು ಧೈರ್ಯವಾಗಿ ಬರೋದೇ ಆ ಅಕ್ಕನ ಗಾಡಿ ದೀಪ ಇರೋದ್ರಿಂದ" ಎಂದಳು. ಯಾರೂ ಮತ್ತೆ ಮಾತಾಡಲಿಲ್ಲ. ಗಾಡಿಯ ಪಕ್ಕ ಒಂದು ಕಸದ ಬುಟ್ಟಿ ಇಡುವುದೆಂದು ತೀರ್ಮಾನವಾಯಿತು.

ನಮ್ಮ ಅನುಭವದಿಂದ ಕೆಲವು ಸೂಚನೆಗಳು:

1. ಯಾವ ಕೆಲಸ ಯಾರದು ಎಂದು ತಿಳಿಯಿರಿ. ಸಾಮಾನ್ಯವಾಗಿ ಬೀದಿದೀಪ, ಮಳೆನೀರಿನ ಮೋರಿ, ಕಸ ನಗರಪಾಲಿಕೆ ಅಥವಾ ಪುರಸಭೆಯದು. ಜೋತುಬಿದ್ದ ವಿದ್ಯುತ್ ತಂತಿ ಬೆಸ್ಕಾಂ, ಮೆಸ್ಕಾಂನಂಥ ಕಂಪನಿಗಳದು. ಬೆಂಗಳೂರಿನಲ್ಲಿ ಒಳಚರಂಡಿ ಜಲಮಂಡಳಿಯದು. ಕಳ್ಳತನ, ಮಾದಕ ವಸ್ತು, ಹೆಣ್ಣುಮಕ್ಕಳಿಗೆ ಕಿರುಕುಳ ಇವು ಪೊಲೀಸ್ ಠಾಣೆಯ ವಿಷಯ. ನಿಮ್ಮ ಬೀದಿಯ ಬೀಟ್ ಪೊಲೀಸ್ ಯಾರೆಂದು ಕೇಳಿಕೊಳ್ಳಿ. ಬೆಂಗಳೂರಿನವರು ಇನ್ನೊಂದು ವಿಷಯ ಗಮನಿಸಬೇಕು: 2025ರಲ್ಲಿ ಮಹಾನಗರ ಪಾಲಿಕೆಯ ಬದಲು ಐದು ಪಾಲಿಕೆಗಳು ರಚನೆಯಾಗಿವೆ. ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಎಂದು ಮೊದಲು ವಿಚಾರಿಸಿ.

2. ಬರೆದುಕೊಡಿ. ಒಂದು ವಿಷಯಕ್ಕೆ ಒಂದು ಅರ್ಜಿ. ಕಂಬದ ಸಂಖ್ಯೆ, ಹತ್ತಿರದ ಮನೆಯ ಸಂಖ್ಯೆ, ದಿನಾಂಕ ಇರಲಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ದೂರನ್ನು ಫೋನಿನಲ್ಲಿ ಕೊಟ್ಟರೆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

3. ಉತ್ತರ ಬಾರದಿದ್ದರೆ ಮತ್ತೆ ಹೋಗಿ. ನ್ಯಾಯಾಧೀಶನನ್ನು ಬಿಡದೆ ಕಾಡಿದ ವಿಧವೆಯನ್ನು ಯೇಸುಸ್ವಾಮಿಯೇ ನಮ್ಮ ಮುಂದಿಟ್ಟಿದ್ದಾರೆ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ಕೊಡಬೇಕು. ಬೈಯುವುದಕ್ಕಿಂತ ಆ ಅರ್ಜಿ ಹೆಚ್ಚು ಕೆಲಸ ಮಾಡುತ್ತದೆ.

4. ವಾರ್ಡು ಸಮಿತಿಯ ಬಗ್ಗೆ ತಿಳಿಯಿರಿ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು, 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ಹೇಳಿದೆ. ಸಭೆ ನಡೆದರೆ ಹೋಗಿ ಕೂಡಿ. ನಡೆಯದಿದ್ದರೆ ನಡೆಸುವಂತೆ ಕೇಳಿ.

5. ಕೆಲಸ ಆದಾಗ ಧನ್ಯವಾದ ಹೇಳಿ. ಕಚೇರಿಯಲ್ಲಿ ಕುಳಿತಿರುವವರೂ ನಮ್ಮ ನೆರೆಯವರೇ. ಮೋರಿಗೆ ಇಳಿಯುವ ಪೌರಕಾರ್ಮಿಕರನ್ನು ಹೆಸರು ಹಿಡಿದು ಕರೆಯಿರಿ, ಕುಡಿಯಲು ನೀರು ಕೊಡಿ. ಗಾಜಿನ ಚೂರನ್ನು ಕಾಗದದಲ್ಲಿ ಸುತ್ತದೆ ಎಸೆದರೆ ರಕ್ತ ಸುರಿಯುವುದು ಅವರ ಕೈಯಿಂದ.

ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಖಾಲಿ ಸೈಟಿನ ಮಾಲೀಕರು ಇನ್ನೂ ಬೇಲಿ ಹಾಕಿಲ್ಲ. ಐದರಲ್ಲಿ ಮೂರು ದೀಪ ಉರಿಯುತ್ತಿವೆ. ಆದರೆ ಏಳು ಚಪ್ಪಡಿಗಳೂ ಬಿದ್ದವು. ಅಂದು ನಾನು ಕೂಗಾಡಿದ್ದ ಎಂಜಿನಿಯರೇ ಮಳೆಯಲ್ಲಿ ಕೊಡೆ ಹಿಡಿದು ನಿಂತು ಹಾಕಿಸಿದರು. ಅವರನ್ನು ನೋಡುತ್ತಿದ್ದಾಗ ನನಗೆ ಮಲ್ಕೀಯನ ನೆನಪಾಯಿತು.

ಮುಂದಿನ ಮೊದಲ ಶುಕ್ರವಾರ ಪರಮಪ್ರಸಾದ ಕೊಟ್ಟ ಮೇಲೆ ಆ ತಾಯಿ ಕೇಳುವ ಮೊದಲೇ ನಾನು ಹೇಳಿದೆ: "ಚಪ್ಪಡಿ ಹಾಕಿಸಿದೆವು ಅಮ್ಮ." ಅವರು ಶಿಲುಬೆಯ ಗುರುತು ಹಾಕಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆಚೆ ಬೀದಿದು, ಸ್ವಾಮಿ?"

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಬೀದಿಯಲ್ಲಿ ರಾತ್ರಿ ನಡೆಯಲು ಹೆದರುವವರು ಯಾರು? ಅವರನ್ನು ನಾವು ಎಂದಾದರೂ ಕೇಳಿದ್ದೇವೆಯೇ?

2. ನಮ್ಮ ಮನೆಯ ಕಸ ಬಾಗಿಲು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ?

3. ನೆಹೆಮೀಯ 3ನೇ ಅಧ್ಯಾಯದ ಪಟ್ಟಿಯನ್ನು ಇಂದು ಬರೆದರೆ ನಮ್ಮ ಹೆಸರು ಎಲ್ಲಿ ಬರುತ್ತದೆ? ಕಟ್ಟಿದವರ ಜೊತೆಯೋ, ಹೆಗಲು ಕೊಡದವರ ಜೊತೆಯೋ?

4. ಈ ವಾರ ನಾವು ಬರೆದುಕೊಡಬಹುದಾದ ಒಂದು ಅರ್ಜಿ ಯಾವುದು?

ಪ್ರಾರ್ಥನೆ: ಪ್ರಭುವೇ, ನಜರೇತಿನ ಓಣಿಗಳಲ್ಲಿ ನಡೆದಾಡಿದವರು ನೀವು. ನಮ್ಮ ಬೀದಿಯ ಕತ್ತಲೆಯನ್ನು ನೋಡುವ ಕಣ್ಣು ಕೊಡಿ. ಕೇಳಲು ನಾಚದ ನಾಲಿಗೆ ಕೊಡಿ. ಬೇಸರಪಡದ ಕಾಲು ಕೊಡಿ. "ಆಗಲಿ" ಎಂದದ್ದನ್ನು ಮಾಡಿ ಮುಗಿಸುವ ಮನಸ್ಸು ಕೊಡಿ. ಆಮೆನ್.